ನಡುವೆ ಬಾಯಿ ಹಾಕುವಷ್ಟು ಹತ್ತಿರ

ಕೊಯಮತ್ತೂರಿನಲ್ಲಿ ನನಗೆ ಸಿಕ್ಕ ಕೆಲಸ ಏನೆಂದು ಚಿತ್ರದುರ್ಗದ ನಮ್ಮ ಮನೆಯವರಿಗೆ ವಿವರಿಸುವುದು ಕಷ್ಟವಾಗಿತ್ತು. ಕಂಪ್ಯೂಟರಿನೊಳಗೆ ಒಂದು ಅಂಗಡಿ ಇದೆ, ಅದರೊಳಗೆ ಗೊಂಬೆಗಳು ಓಡಾಡುತ್ತವೆ, ಒಂದೊಂದು ಗೊಂಬೆಯ ಹಿಂದೆಯೂ ಎಲ್ಲೋ ಒಬ್ಬ ನಿಜವಾದ ಮನುಷ್ಯ ಕೂತಿರುತ್ತಾನೆ, ಗೊಂಬೆಗಳು ಹತ್ತಿರ ಬಂದರೆ ಒಬ್ಬರ ಮಾತು ಒಬ್ಬರಿಗೆ ಜೋರಾಗಿ ಕೇಳಿಸುತ್ತದೆ, ದೂರ ಹೋದರೆ ಸಣ್ಣಗಾಗುತ್ತದೆ ಎಂದೆಲ್ಲ ಫೋನಿನಲ್ಲಿ ಹೇಳಿದೆ. ಅಪ್ಪ ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಆಟದ ಕಂಪನಿಯೇನಮ್ಮ?" ಎಂದರು. ಅಲ್ಲ, ಬನಿಯನ್ ಮಾರುವ ಕೆಲಸ ಎಂದೆ. ಅವರಿಗೆ ಸಮಾಧಾನವಾಯಿತು.

ಅದು ಸುಳ್ಳೂ ಆಗಿರಲಿಲ್ಲ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಇಂಥ ಕಾಲ್ಪನಿಕ ಲೋಕಗಳ ಬಗ್ಗೆ ಪತ್ರಿಕೆಗಳಲ್ಲಿ ದಿನಾ ಏನಾದರೊಂದು ಬರುತ್ತಿತ್ತು. ತಿರುಪ್ಪೂರಿನ ಒಂದು ರಫ್ತು ಕಂಪನಿಯ ಮಾಲೀಕರಿಗೆ ಅದನ್ನು ಓದಿ ಹುರುಪು ಬಂದಿತ್ತು. ವಿದೇಶದ ಖರೀದಿದಾರ ವಿಮಾನ ಹತ್ತದೆ ತನ್ನ ಮೇಜಿನಿಂದಲೇ ಶೋರೂಮಿನಲ್ಲಿ ಅಡ್ಡಾಡಬೇಕು, ತೂಗುಹಾಕಿದ ಟೀ ಶರ್ಟುಗಳ ಮುಂದೆ ನಿಂತು ಮಾತಾಡಬೇಕು ಎಂಬುದು ಅವರ ಆಸೆ. ಅಂಥದೊಂದು ಶೋರೂಮನ್ನು ಕಟ್ಟುತ್ತಿದ್ದುದು ಅವಿನಾಶಿ ರಸ್ತೆಯ ಒಂದು ಮಹಡಿಯ ಮೇಲಿದ್ದ ನಮ್ಮ ಸಣ್ಣ ಕಂಪನಿ. ಬಟ್ಟೆಯ ಮಡಿಕೆ, ಗೋಡೆಯ ಬಣ್ಣ, ದೀಪದ ಬೆಳಕು ನೋಡಿಕೊಳ್ಳಲು ಬೇರೆಯವರಿದ್ದರು. ದನಿ ಮಾತ್ರ ನನ್ನ ಪಾಲಿಗೆ ಮತ್ತು ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯ ಪಾಲಿಗೆ ಬಂದಿತ್ತು. ಆತ ಕಿಣತ್ತುಕಡವಿನ ತಮಿಳು ಹುಡುಗ. ಪೊಳ್ಳಾಚಿ ಬಸ್ಸಿನಲ್ಲಿ ನೇತಾಡಿಕೊಂಡು ಬಂದರೂ ಅಂಗಿಯ ಇಸ್ತ್ರಿ ಕೆಡಿಸಿಕೊಳ್ಳದ ಮನುಷ್ಯ.

ಶೋರೂಮನ್ನು ಮೊದಲ ಸಲ ತೆರೆದ ದಿನ ನಾವೆಲ್ಲ ತಿರುಪ್ಪೂರಿಗೆ ಹೋಗಿದ್ದೆವು. ಆ ಕಂಪನಿಯ ಮರ್ಚಂಡೈಸರ್, ಅಂದರೆ ಖರೀದಿದಾರರ ಜೊತೆ ಮಾತಾಡಿ ಆರ್ಡರು ನಿಭಾಯಿಸುವ ಹೆಂಗಸು, ಹೆಡ್‌ಫೋನ್ ಹಾಕಿಕೊಂಡು ಕೂತರು. ಯುರೋಪಿನಿಂದ ಒಬ್ಬ ಖರೀದಿದಾರರು ಗೊಂಬೆಯಾಗಿ ಒಳಗೆ ಬಂದರು. ನಮ್ಮ ಮ್ಯಾನೇಜರ್ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದರು.

ಖರೀದಿದಾರರು ಏನೋ ಕೇಳಿದರು. ಆಕೆ ಉತ್ತರ ಕೊಟ್ಟರು. ಉತ್ತರ ಅವರಿಗೆ ತಲುಪುವ ಮೊದಲೇ, ಆಕೆಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಅವರು ಮತ್ತೆ ಶುರು ಮಾಡಿದರು. ಆಕೆ ಮಾತು ನಿಲ್ಲಿಸಿ, "ಸಾರಿ, ನೀವು ಹೇಳಿ" ಎಂದರು. ಅಷ್ಟರಲ್ಲಿ ಅವರೂ ನಿಲ್ಲಿಸಿ, "ಸಾರಿ, ನೀವೇ ಹೇಳಿ" ಎಂದಿದ್ದರು. ಇಬ್ಬರೂ ಸುಮ್ಮನಾದರು. ಮತ್ತೆ ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಕಿರಿದಾದ ಬಾಗಿಲಲ್ಲಿ ಎದುರುಬದುರಾದ ಇಬ್ಬರು ಸಭ್ಯರಂತೆ ಹೀಗೆ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅವರು, ಮಾದರಿಗಳನ್ನು ಬೇಗ ಕಳಿಸುತ್ತೀರಾ ಎಂದು ಕೇಳಿದರು. ಆಕೆ ಉತ್ಸಾಹದಿಂದ, "ಹೌದು, ಖಂಡಿತ" ಎಂದರು. ಆ ಮಾತು ದಾರಿಯಲ್ಲಿದ್ದಾಗಲೇ ಅವರು, ಈ ಕೆಂಪು ಬಣ್ಣ ಒಗೆದರೆ ಹೋಗುತ್ತದೆಯೇ ಎಂದು ಮುಂದಿನ ಪ್ರಶ್ನೆ ಕೇಳಿಬಿಟ್ಟಿದ್ದರು. "ಹೌದು, ಖಂಡಿತ" ಹೋಗಿ ಕೂತದ್ದು ಆ ಪ್ರಶ್ನೆಯ ಮೇಲೆ.

ಮರಳುವಾಗ ಕಾರಿನಲ್ಲಿ ಮ್ಯಾನೇಜರ್ ನಮ್ಮಿಬ್ಬರ ಕಡೆ ತಿರುಗಿ, "ಬಣ್ಣ ನಿಜವಾಗಿಯೂ ಹೋಗುವುದಿಲ್ಲ ಅಂತ ಆಕೆ ಅವರಿಗೆ ಇಮೇಲ್ ಬರೆದಿದ್ದಾರೆ. ನೀವು ದನಿ ನೋಡಿ" ಎಂದಷ್ಟೇ ಹೇಳಿದರು.

ನೋಡಿದೆವು. ತಿರುಪ್ಪೂರಿನಲ್ಲಿ ಆಡಿದ ಮಾತು ಮೊದಲು ಸಮುದ್ರದಾಚೆ ನಾವು ಬಾಡಿಗೆಗೆ ಹಿಡಿದಿದ್ದ ಒಂದು ಯಂತ್ರಕ್ಕೆ ಹೋಗುತ್ತಿತ್ತು. ಯಾವ ಗೊಂಬೆ ಯಾವ ಗೊಂಬೆಗೆ ಎಷ್ಟು ದೂರದಲ್ಲಿದೆ ಎಂದು ಅದು ಲೆಕ್ಕ ಹಾಕಿ, ಒಬ್ಬೊಬ್ಬರ ಕಿವಿಗೂ ಬೇರೆ ಬೇರೆ ಹದದಲ್ಲಿ ದನಿಗಳನ್ನು ಬೆರೆಸಿ ಕಳಿಸುತ್ತಿತ್ತು. ಪಕ್ಕದ ಕೋಣೆಯವರ ಜೊತೆ ಮಾತಾಡಿದರೂ ಮಾತು ಅಲ್ಲಿಗೆ ಹೋಗಿಯೇ ಬರಬೇಕು. ನಾವು ಬೆರೆಸುವ ಕೆಲಸವನ್ನು ಕೇಳುವವರ ಕಂಪ್ಯೂಟರಿಗೇ ವಹಿಸಿದೆವು. ಹತ್ತಿರ ನಿಂತ ಗೊಂಬೆಗಳ ದನಿ ನೇರವಾಗಿ ಒಬ್ಬರಿಂದ ಒಬ್ಬರಿಗೆ ಹೋಗುವಂತೆ ಮಾಡಿದೆವು. ಮಾತನ್ನು ದೊಡ್ಡ ಗಂಟು ಕಟ್ಟಿ ಕಳಿಸುವ ಬದಲು ಸಣ್ಣ ಸಣ್ಣ ಪೊಟ್ಟಣ ಮಾಡಿ ಕಳಿಸಿದೆವು. ವಿಳಂಬ ಬಹಳ ಇಳಿಯಿತು. ಆಫೀಸಿನ ಎರಡು ತುದಿಗಳಲ್ಲಿ ಕೂತು, "ಒಂದು, ಎರಡು, ಮೂರು, ಕೇಳ್ತಾ?" "ಕೇಳ್ತು" ಎಂದು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿತ್ತು. ಸಿಹಿಯೂ ಹಂಚಿದೆವು.

ತಿರುಪ್ಪೂರಿನಿಂದ ಫೋನು ಬಂತು. ಆ ಮರ್ಚಂಡೈಸರ್ ತಮಿಳಿನಲ್ಲಿ, "ಮೊದಲು ಚೆನ್ನಾಗಿರತ್ತೆ. ಮಾತಾಡ್ತಾ ಮಾತಾಡ್ತಾ ಮತ್ತೆ ಹಳೆಯ ಕಥೆಯೇ" ಎಂದರು.

ನಾವು ಎಷ್ಟು ಪ್ರಯತ್ನ ಪಟ್ಟರೂ ಆ ಹಳೆಯ ಕಥೆ ನಮ್ಮ ಆಫೀಸಿನಲ್ಲಿ ಕಾಣಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಿಬ್ಬರ ನಡುವೆ ಮಾತೇ ಮುಗಿದುಹೋಗಿತ್ತು. ಆತನ ಊರಿನ ಟೊಮೆಟೊ ಮಂಡಿಯ ಬಗ್ಗೆ ಕೇಳಿಯಾಗಿತ್ತು, ನಮ್ಮೂರಿನ ಕೋಟೆಯ ಬಗ್ಗೆ ಹೇಳಿಯಾಗಿತ್ತು. ಹೆಡ್‌ಫೋನ್ ಹಾಕಿಕೊಂಡು ಒಬ್ಬರ ಉಸಿರಾಟ ಒಬ್ಬರು ಕೇಳುತ್ತ ಕೂರುತ್ತಿದ್ದೆವು. ಬೇಸರವಿಲ್ಲದೆ ತಾಸುಗಟ್ಟಲೆ ಮಾತಾಡುವ ಇಬ್ಬರು ಬೇಕಿತ್ತು ನಮಗೆ.

ಅಂಥವರಲ್ಲಿ ಒಬ್ಬರು ನಾನಿದ್ದ ಮನೆಯ ಕೆಳಗೇ ಇದ್ದರು.

ಸಾಯಿಬಾಬಾ ಕಾಲೊನಿಯಲ್ಲಿ ನಾನು ಬಾಡಿಗೆಗಿದ್ದ ಮಹಡಿಯ ಕೋಣೆಯ ಒಡತಿ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಮನೆತನ ಕೊಯಮತ್ತೂರಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ತಿಳಿಯದು. ಕನ್ನಡ ಓದಲು ಬಾರದು, ಆದರೆ ಮನೆಯೊಳಗೆ ಕನ್ನಡವೇ. ತಮಿಳು ಬೆರೆತ ಆ ಕನ್ನಡಕ್ಕೆ ಕಿವಿ ಹೊಂದಿಸಿಕೊಳ್ಳಲು ನನಗೆ ಕೆಲವು ದಿನ ಹಿಡಿದಿತ್ತು. ನನ್ನ ಕನ್ನಡ ಕೇಳಿದರೆ ಅವರಿಗೆ ನಗು. "ನೀನು ರೇಡಿಯೋ ಮಾದರಿ ಪೇಸ್ತೀಯಮ್ಮ" ಎನ್ನುತ್ತಿದ್ದರು, ರೇಡಿಯೋ ಥರ ಮಾತಾಡುತ್ತೀಯ ಎಂದು. ಅವರ ತಂಗಿ ವೆಳ್ಳಕೋಯಿಲಿನಲ್ಲಿ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಮಾತಾಡುವುದು ಮೇಲಿನ ನನ್ನ ಕೋಣೆಗೂ ಕೇಳಿಸುತ್ತಿತ್ತು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಒಬ್ಬರು ಹೇಳಿ ಮುಗಿಸಲಿ ಎಂದು ಇನ್ನೊಬ್ಬರು ಕಾಯುವ ಪದ್ಧತಿ ಆ ಮನೆತನದಲ್ಲಿರಲಿಲ್ಲ.

"ಆಂಟಿ, ನನಗೆ ಒಂದು ಸಹಾಯ ಬೇಕು," ಎಂದೆ. "ನೀವೂ ನಿಮ್ಮ ತಂಗಿಯೂ ಕಂಪ್ಯೂಟರಿನಲ್ಲಿ ಮಾತಾಡಬೇಕು. ಎಷ್ಟು ಹೊತ್ತಾದರೂ ಸರಿ."

"ಏನ್ ಪೇಸಬೇಕು?"

"ಏನು ಬೇಕಾದರೂ."

"ಇದಕ್ಕೆ ನಿನಗೆ ಸಂಬಳ ಬೇರೆ ಕೊಡ್ತಾರಾ?" ಎಂದು ಕೇಳಿ ಒಪ್ಪಿದರು.

ತಂಗಿಯ ಮನೆಯಲ್ಲಿ ಕಂಪ್ಯೂಟರೂ ಬ್ರಾಡ್‌ಬ್ಯಾಂಡೂ ಇದ್ದವು. ಕಿಣತ್ತುಕಡವಿನ ಸಹೋದ್ಯೋಗಿ ಒಂದು ಶನಿವಾರ ವೆಳ್ಳಕೋಯಿಲಿಗೆ ಬಸ್ಸಿನಲ್ಲಿ ಹೋಗಿ ಪ್ರೋಗ್ರಾಂ ಹಾಕಿಕೊಟ್ಟು ಬಂದ. ಸೋಮವಾರ ನಾನು ಲೈನು ಹೇಗಿದೆ ಎಂದು ಕೇಳಿದರೆ ಆತ ಅಲ್ಲಿ ಬಡಿಸಿದ ಊಟದ ವರದಿ ಕೊಟ್ಟ. ಲೈನು ಎಡವುತ್ತದೆ ಎಂದು ಕೊನೆಯಲ್ಲಿ ಸೇರಿಸಿದ.

ಆ ವಾರದ ಕೊನೆಗೆ, ಭಾನುವಾರ ಬೆಳಗಿನ ಪೂಜೆ ಮುಗಿಸಿ ನಾನು ಚರ್ಚಿನಿಂದ ಬಂದ ಮೇಲೆ ಪರೀಕ್ಷೆ. ಮೊದಲು ಗೊಂಬೆ ಆರಿಸಬೇಕಿತ್ತು. ನಮ್ಮ ಶೋರೂಮಿನ ಗೊಂಬೆಗಳೆಲ್ಲ ಖರೀದಿದಾರರ ಮುಖದವು. ಹೆಣ್ಣು ಗೊಂಬೆಗಳ ಸ್ಕರ್ಟು ನೋಡಿ ಅಕ್ಕತಂಗಿಯರಿಬ್ಬರೂ ಬೇಡ ಎಂದರು. ಹಾಗಾಗಿ ನೀಲಿ ಸೂಟು ತೊಟ್ಟ, ಚಿನ್ನದ ಬಣ್ಣದ ಕೂದಲಿನ ಎತ್ತರದ ಗಂಡಸರಿಬ್ಬರು ಟೀ ಶರ್ಟುಗಳ ನಡುವೆ ನಿಂತು, ಹುಣಸೆಹಣ್ಣು ಬಿಡಿಸಿಡುವ ವಿಷಯ ಮಾತಾಡತೊಡಗಿದರು.

"ನನ್ನ ಗೊಂಬೆ ಗೋಡೆ ಪಾತ್ಕೊಂಡು ನಿಂತದೆ. ಇದನ್ನ ಹೆಂಗೆ ತಿರುಪ್ಪೋದು?" ಎಂದು ಒಡತಿ ಕೇಳಿದರು. ಗೋಡೆ ನೋಡುತ್ತಿದ್ದ ಗೊಂಬೆಯನ್ನು ತಿರುಗಿಸಿಕೊಟ್ಟೆ. ಅಲ್ಲಿಂದ ಮುಂದೆ ನನ್ನ ಅಗತ್ಯ ಬೀಳಲಿಲ್ಲ. ಮಾತನ್ನೆಲ್ಲ ಮುದ್ರಿಸಿಕೊಳ್ಳುತ್ತ, ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತ ಪಕ್ಕದಲ್ಲಿ ಕೂತೆ.

ಮೊದಮೊದಲು ಮಾತು ಚೆನ್ನಾಗಿ ಹರಿಯಿತು. ಇವರು ಹೇಳುವಾಗ ಅವರು ಹೂಂಗುಟ್ಟುವುದು, ಅವರು ಮುಗಿಸುವ ಮೊದಲೇ ಇವರು ಬಾಯಿ ಹಾಕುವುದು, ಇಬ್ಬರೂ ಒಟ್ಟಿಗೆ ನಗುವುದು ಎಲ್ಲ ಇತ್ತು. ಆಮೇಲೆ, ಯಾವಾಗ ಎಂದು ಗೊತ್ತಾಗದಂತೆ, ಏನೋ ಬದಲಾಯಿತು. ಒಡತಿ ಒಂದು ತಮಾಷೆ ಹೇಳಿ ಕಾದರು. ನಗು ಬರಲಿಲ್ಲ. ಅವರು ಮುಂದಿನ ಮಾತಿಗೆ, ಯಾರದೋ ಕಾಯಿಲೆಯ ಸುದ್ದಿಗೆ ಹೋದ ಮೇಲೆ ತಂಗಿಯ ನಗು ಕೇಳಿಸಿತು. ಒಡತಿಯ ಮುಖ ಸಣ್ಣದಾಯಿತು. ಇಬ್ಬರೂ ನಿಧಾನವಾಗಿ ಬಹುವಚನಕ್ಕೆ ಹತ್ತಿರವಾದ ಮರ್ಯಾದೆಯಲ್ಲಿ ಮಾತಾಡತೊಡಗಿದರು. ಸ್ವಲ್ಪ ಹೊತ್ತಿಗೆ ಒಡತಿ ಹೆಡ್‌ಫೋನ್ ತೆಗೆದಿಟ್ಟರು.

"ಅವಳು ಏನೋ ಮನಸಲ್ಲಿ ಇಟ್ಕೊಂಡವಳೆ. ಯೋಚ್ನೆ ಮಾಡಿ ಮಾಡಿ ಪೇಸ್ತಾಳೆ. ಪೊಂಗಲ್‌ಗೆ ನಾನು ಹೋಗ್ಲಿಲ್ಲಲ್ಲ, ಅದೇ ಇರಬೇಕು."

ಅದೇ ಹೊತ್ತಿಗೆ ಅವರ ಫೋನು ರಿಂಗಾಯಿತು. ತಂಗಿಯೇ. "ಅಕ್ಕಾ, ನನ್ನ ಮೇಲೆ ಕೋಪವಾ?" ಎಂದು ಕೇಳಿದ್ದು ನನಗೂ ಕೇಳಿಸಿತು. ಫೋನಿನಲ್ಲಿ ಇಬ್ಬರೂ ಮತ್ತೆ ಒಟ್ಟಿಗೆ ಮಾತಾಡಿ ಕೋಪವಿಲ್ಲವೆಂದು ತೀರ್ಮಾನ ಮಾಡಿಕೊಂಡರು. ನಾನು ಮಾತ್ರ ಪರದೆಯ ಮೂಲೆಯಲ್ಲಿ ಪ್ರೋಗ್ರಾಂ ಬರೆದುಕೊಳ್ಳುತ್ತಿದ್ದ ವಿಳಂಬದ ಅಂಕಿಗಳನ್ನು ನೋಡುತ್ತ ಕೂತಿದ್ದೆ. ಸಣ್ಣದಾಗಿ ಶುರುವಾದ ವಿಳಂಬ ಮೆಟ್ಟಿಲು ಹತ್ತಿದಂತೆ ಏರುತ್ತಲೇ ಹೋಗಿತ್ತು. ಒಂದು ಸಲವೂ ಇಳಿದಿರಲಿಲ್ಲ.

ಸೋಮವಾರ ಸಹೋದ್ಯೋಗಿಗೆ ಆ ಧ್ವನಿಮುದ್ರಿಕೆ ಕೇಳಿಸಿದೆ. ಆತ ಕಣ್ಣು ಮುಚ್ಚಿ ತಾಳ್ಮೆಯಿಂದ ಕೇಳಿ, "ಇವಂಗ ಮೂಚ್ಚೇ ವಿಡಲೆ" ಎಂದ. ಇವರು ಉಸಿರೇ ಬಿಡುತ್ತಿಲ್ಲ ಎಂದು ಅರ್ಥ. ಹೇಳಿ ಮುಗಿಸಿದವನೇ ನನ್ನ ಮುಖ ನೋಡಿದ. ನಾನೂ ನೋಡಿದೆ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆದಿತ್ತು.

ವಿಷಯ ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಮಾತಿನ ಪೊಟ್ಟಣಗಳು ಒಂದೇ ಸಮನೆ ಬರುವುದಿಲ್ಲ. ಕೆಲವು ಬೇಗ, ಕೆಲವು ತಡ. ಬಂದದ್ದನ್ನು ಬಂದ ಹಾಗೆಯೇ ನುಡಿಸಿದರೆ ದನಿ ತುಂಡು ತುಂಡಾಗುತ್ತದೆ. ಅದಕ್ಕೇ ಕೇಳುವವರ ಕಂಪ್ಯೂಟರ್ ಒಂದಿಷ್ಟು ಪೊಟ್ಟಣಗಳನ್ನು ಕೂಡಿಟ್ಟುಕೊಂಡು, ಹಿಂದೆ ಉಳಿದೇ ನುಡಿಸುತ್ತದೆ. ಲೈನು ಎಡವಿದಾಗಲೆಲ್ಲ ಕೂಡಿಡುವುದನ್ನು ಹೆಚ್ಚಿಸುತ್ತದೆ. ಆಮೇಲೆ ಕಡಿಮೆ ಮಾಡಬೇಕಲ್ಲ, ಅದನ್ನು ಮಾತಿನ ನಡುವೆ ಮಾಡಿದರೆ ಅಕ್ಷರ ನುಂಗಿಹೋಗುತ್ತದೆಂದು, ಮಾತಾಡುವವರು ಸುಮ್ಮನಾಗುವ ಗಳಿಗೆಗೆ ಕಾಯುತ್ತಿತ್ತು. ಆ ಮೌನದಲ್ಲಿ ಸ್ವಲ್ಪ ಕತ್ತರಿಸಿ ಹಿಂದುಳಿದದ್ದನ್ನು ಸರಿದೂಗಿಸಿಕೊಳ್ಳುತ್ತಿತ್ತು. ನಾವಿಬ್ಬರು ಆಫೀಸಿನಲ್ಲಿ "ಒಂದು, ಎರಡು" ಎನ್ನುತ್ತ, ಆಕಳಿಸುತ್ತ, ಅದಕ್ಕೆ ಬೇಕಾದಷ್ಟು ಮೌನ ಬಡಿಸಿದ್ದೆವು. ಅಕ್ಕತಂಗಿಯರು ಒಂದು ತುತ್ತನ್ನೂ ಬಡಿಸಲಿಲ್ಲ.

"ಆದರೆ ತಿರುಪ್ಪೂರಿನ ಆ ಮೇಡಂ ಇಷ್ಟು ಮಾತಾಡುವುದಿಲ್ಲವಲ್ಲ," ಎಂದೆ.

ಅಂದೇ ಮಧ್ಯಾಹ್ನ ಇಬ್ಬರೂ ತಿರುಪ್ಪೂರಿಗೆ ಹೋದೆವು. ಆಕೆಯ ಕೋಣೆ ಹೊಲಿಗೆ ವಿಭಾಗಕ್ಕೆ ಅಂಟಿಕೊಂಡಿತ್ತು. ಮೊದಲ ದಿನ ಖರೀದಿದಾರರ ಗಡಿಬಿಡಿಯಲ್ಲಿ ನಾವು ಗಮನಿಸಿರಲಿಲ್ಲ. ಗೋಡೆಯಾಚೆ ಸಾಲು ಸಾಲು ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಆಕೆ ಬಾಯಿ ಮುಚ್ಚಿ ಕೂತಾಗಲೂ ಮೈಕಿಗೆ ಆ ಸದ್ದು ಬೀಳುತ್ತಿತ್ತು. ನಮ್ಮ ಪ್ರೋಗ್ರಾಂ ಅದನ್ನೂ ಮಾತೆಂದೇ ತಿಳಿದು ಗೌರವದಿಂದ ಕಾಯುತ್ತಿತ್ತು. ಇಲ್ಲಿ ಯಂತ್ರ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಅಕ್ಕತಂಗಿಯರು ಮಾಡಿದ್ದರು.

"ಕೋಣೆ ಬದಲಾಯಿಸಬೇಕಾ?" ಎಂದು ಆಕೆ ಕೇಳಿದರು. "ಈ ಸದ್ದು ನಿಂತರೆ ನನಗೆ ಕೆಲಸವೇ ಓಡುವುದಿಲ್ಲ."

ಬೇಡ ಎಂದೆವು. ಮೌನಕ್ಕಾಗಿ ಕಾಯುವುದನ್ನೇ ಬಿಟ್ಟು, ಮಾತು ನಡೆಯುತ್ತಿರುವಾಗಲೇ ಚೂರು ಚೂರು ಮುಂದೆ ಓಡಿಸುವ ಉಪಾಯ ಹುಡುಕಿದೆವು. ಟೇಪನ್ನು ಜೋರಾಗಿ ಓಡಿಸಿದರೆ ದನಿ ಕೀರಲಾಗುತ್ತದೆ. ಹಾಗಾಗದಂತೆ ಮಾಡಬಹುದಿತ್ತು. ಸ್ವರಗಳಲ್ಲಿ ಒಂದೇ ಥರದ ಅಲೆಗಳು ಒಂದರ ಹಿಂದೆ ಒಂದು ಬರುತ್ತವೆ. ಅವುಗಳ ನಡುವಿನಿಂದ ಒಂದೆರಡನ್ನು ಎತ್ತಿ, ಕತ್ತರಿಸಿದ ಅಂಚು ಕಾಣದಂತೆ ಹೊಲಿದುಬಿಟ್ಟರೆ ದನಿ ಹಾಗೆಯೇ ಇದ್ದು ಮಾತು ಮಾತ್ರ ಸ್ವಲ್ಪ ಬೇಗ ಮುಗಿಯುತ್ತದೆ. "ಅಪ್ಪಡಿಯಾ" ಎಂದು, ಅಂದರೆ ಹೌದಾ ಎಂದು, ಒಡತಿ ಎಳೆಯುತ್ತಿದ್ದ ಆ ಕೊನೆಯ "ಯಾ" ಒಂದರಲ್ಲೇ ಎತ್ತಿಕೊಳ್ಳಲು ಧಾರಾಳ ಅಲೆಗಳಿದ್ದವು.

ಮೊದಲ ಪ್ರಯೋಗದಲ್ಲಿ ನಾವು ದುರಾಸೆ ಮಾಡಿದೆವು. ಮುಂದಿನ ಭಾನುವಾರ ತಂಗಿ ಅಳಲು ತೋಡಿಕೊಳ್ಳುತ್ತಿದ್ದರು. ವೆಳ್ಳಕೋಯಿಲಿನ ಬಿಸಿಲು, ಮೇಲೆ ಕರೆಂಟು ಹೋಗಿತ್ತು, ಫ್ರಿಜ್ಜಿನಲ್ಲಿದ್ದ ಹಾಲು ಕೆಟ್ಟುಹೋಯಿತು ಎಂದು. ಪ್ರೋಗ್ರಾಂ "ಹಾ"ದ ದೀರ್ಘವನ್ನು ಕತ್ತರಿಸಿದ್ದರಿಂದ ಒಡತಿಗೆ "ಹಲ್ಲು ಕೆಟ್ಟೋಯ್ತು" ಎಂದು ಕೇಳಿಸಿತು.

"ಯಾವುದು, ಮುಂದಿನದಾ?" ಎಂದು ಒಡತಿ ಕಳವಳದಿಂದ ಕೇಳಿದರು.

"ಮುಂದಿನದು ಹಿಂದಿನದು ಏನಿಲ್ಲ ಅಕ್ಕಾ, ಎಲ್ಲ ಕೆಟ್ಟೋಯ್ತು. ಚೆಲ್ಲಿಬಿಟ್ಟೆ."

ಒಡತಿ ಗಾಬರಿಯಾಗಿ ನನ್ನ ಕಡೆ ನೋಡಿದರು. ಇಲ್ಲೇ ಒಳ್ಳೆ ಡಾಕ್ಟರ್ ಇದ್ದಾರೆ, ಹೊಸದು ಕಟ್ಟಿಕೊಡ್ತಾರೆ ಎಂದು ತಂಗಿಗೆ ಧೈರ್ಯ ಹೇಳತೊಡಗಿದರು. ಹಾಲು ಕಟ್ಟಿಸುವುದು ಎಂದರೇನೆಂದು ತಂಗಿಗೆ ತಿಳಿಯಲಿಲ್ಲ. ನಾನು ನಗು ತಡೆಯಲಾರದೆ ಅಡುಗೆಮನೆಗೆ ಹೋಗಿ ನಿಂತೆ.

ಹ್ರಸ್ವ ದೀರ್ಘದ ಮೇಲೆ ಅರ್ಥ ನಿಂತ ನಮ್ಮ ಭಾಷೆಗಳಲ್ಲಿ ಕತ್ತರಿ ಹುಷಾರಾಗಿ ಆಡಬೇಕು ಎಂದು ಅಂದು ಕಲಿತೆವು. ಒಂದು ಸ್ವರದಿಂದ ಇಷ್ಟಕ್ಕಿಂತ ಹೆಚ್ಚು ಎತ್ತಬಾರದೆಂದು ಮಿತಿ ಹಾಕಿದೆವು. ಹಿಂದುಳಿದದ್ದನ್ನು ಒಂದೇ ಮಾತಿನಲ್ಲಿ ತುಂಬಿಕೊಳ್ಳದೆ, ಹಲವು ಮಾತುಗಳಿಗೆ ಹಂಚಿದೆವು. ಆ ಹದ ಸಿಗಲು ಒಂದು ಇಡೀ ಬೇಸಿಗೆ ಹೋಯಿತು. ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸಲು ಶುರುವಾಗಿ, ಟೆರೇಸಿನ ಮೇಲೆ ಒಣಹಾಕಿದ ನನ್ನ ಬಟ್ಟೆಗಳು ಪಕ್ಕದ ಮನೆಗೆ ಹಾರುವ ಹೊತ್ತಿಗೆ, ಅಕ್ಕತಂಗಿಯರು ಒಂದು ಭಾನುವಾರ ನೀಲಿ ಸೂಟಿನಲ್ಲಿ ನಿಂತು ಊಟದ ಹೊತ್ತಿನವರೆಗೂ ಮಾತಾಡಿದರು. ಅಂಕಿಗಳು ಏರಿದವು, ತಾವಾಗಿಯೇ ಇಳಿದವು, ಮತ್ತೆ ಏರಿದವು, ಇಳಿದವು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರಿಗೂ ಯಾರ ಮೇಲೂ ಕೋಪ ಬರಲಿಲ್ಲ.

"ಏನಾದರೂ ವ್ಯತ್ಯಾಸ ಗೊತ್ತಾಯಿತಾ ಆಂಟಿ? ಅವರ ಮಾತು ಬೇಗ ಬೇಗ ಕೇಳಿಸಿತಾ?" ಎಂದು ಕೇಳಿದೆ.

"ಅವಳು ಯಾವಾಗಲೂ ಅಂಗೆ ತಾನೇ," ಎಂದರು ಒಡತಿ.

ನನಗೂ ಹಾಗೆಯೇ ಅನಿಸಿಬಿಟ್ಟಿತ್ತು. ಆ ಎಡವುವ ಲೈನಿನಲ್ಲಿ ನಮ್ಮ ಪ್ರೋಗ್ರಾಂ ಸದಾ ಓಡುತ್ತಲೇ ಇರಬೇಕಿತ್ತು. ಆ ಬೇಸಿಗೆಯಿಡೀ ತಂಗಿಯ ದನಿಯನ್ನು ನಾನು ಕೇಳಿದ್ದು ಆ ಓಟದಲ್ಲೇ. ಶಾಲೆಗೆ ರಜೆ ಬಂದಾಗ ಅವರು ಅಕ್ಕನ ಮನೆಗೆ ಬಂದರು. ನನ್ನನ್ನು ಕೆಳಗೆ ಕರೆದರು. ಎತ್ತರದ ನೀಲಿ ಸೂಟಿನ ಜಾಗದಲ್ಲಿ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದ ಪುಟ್ಟ ಹೆಂಗಸು. "ಬಾಮ್ಮಾ, ನೀನು ತಾನೇ ನಮ್ಮನ್ನ ಗಂಡಸರಾಗಿ ಮಾಡಿದ್ದು," ಎಂದರು. ಅವರ ಮಾತು ನನಗೆ ಎಷ್ಟು ನಿಧಾನ ಅನಿಸಿತೆಂದರೆ, ಪಾಪ, ಪ್ರಯಾಣದ ಆಯಾಸವಿರಬೇಕು ಎಂದುಕೊಂಡೆ. ಕಾಫಿ ಕುಡಿದು ಮುಗಿಸುವಾಗಲೇ ನನಗೆ ಕಾರಣ ಹೊಳೆದದ್ದು. ಹೇಳಿದರೆ ಅವರಿಗೆ ಬಹಳ ಖುಷಿಯಾಯಿತು. ನಮ್ಮ ಮಕ್ಕಳಿಗೂ ಅಂಗೇ ಕೇಳಿಸಿದರೆ ಪಾಠ ಬೇಗ ಮುಗೀತದೆ ಎಂದರು.

ತಿರುಪ್ಪೂರಿನಲ್ಲಿ ಎರಡನೇ ಸಲ ಶೋರೂಮು ತೆರೆದ ದಿನವೂ ಖರೀದಿದಾರರು ಅವರೇ, ಮರ್ಚಂಡೈಸರ್ ಆಕೆಯೇ, ಗೋಡೆಯಾಚೆ ಯಂತ್ರಗಳೂ ಅವೇ. ಮ್ಯಾನೇಜರ್ ಈ ಸಲ ಕುರ್ಚಿ ಎಳೆದುಕೊಂಡು ಕೂತಿದ್ದರು. ಆಕೆ ಕತ್ತಿನ ಪಟ್ಟಿಯ ಹೆಣಿಗೆಯ ಬಗ್ಗೆ ಹೇಳುತ್ತಿದ್ದಾಗ ಖರೀದಿದಾರರು ಅರ್ಧಕ್ಕೇ ತಡೆದು, ಅದು ಅಗಲವಾಯಿತು ಎಂದರು. ಆಕೆ ಅವರನ್ನು ಅರ್ಧಕ್ಕೇ ತಡೆದು, ಕಳೆದ ಸಲ ಅಗಲ ಬೇಕೆಂದು ಹೇಳಿದ್ದು ನೀವೇ ಎಂದರು. ಅವರು ಅಲ್ಲ ಎಂದರು, ಆಕೆ ಹೌದು ಎಂದರು, ಇಬ್ಬರೂ ಒಟ್ಟಿಗೆ ಏನೋ ಹೇಳಿ ಒಟ್ಟಿಗೆ ನಕ್ಕರು. ಒಂದು ಸಲವೂ ಸಾರಿ ಎಂಬ ಶಬ್ದ ಬರಲಿಲ್ಲ. ಸಹೋದ್ಯೋಗಿ ಮೇಜಿನ ಕೆಳಗಿಂದ ನನ್ನ ಕಾಲಿಗೆ ತನ್ನ ಚಪ್ಪಲಿ ತಾಗಿಸಿದ. ಅದು ಆತನ ಮಟ್ಟಿಗೆ ದೊಡ್ಡ ಸಂಭ್ರಮ.

ಶೋರೂಮು ಬಹಳ ಕಾಲ ಬಾಳಲಿಲ್ಲ. ಕಂಪ್ಯೂಟರಿನೊಳಗೆ ಅಡ್ಡಾಡಿದವರೆಲ್ಲ ಕೊನೆಗೆ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಬೇಕು ಎನ್ನುತ್ತಿದ್ದರು. ಅದಕ್ಕೆ ನಮ್ಮ ಬಳಿ ಉಪಾಯವಿರಲಿಲ್ಲ. ಮಾದರಿಗಳು ಮೊದಲಿನಂತೆಯೇ ಪಾರ್ಸೆಲಿನಲ್ಲಿ ಹೋಗತೊಡಗಿದವು. ಮಾಲೀಕರು ಬೇಸರ ಪಟ್ಟುಕೊಳ್ಳದೆ ನಮಗೆಲ್ಲ ಒಂದೊಂದು ಕೆಂಪು ಟೀ ಶರ್ಟು ಕೊಟ್ಟು ಕಳಿಸಿದರು. ಬಣ್ಣ ಹೋಗಲಿಲ್ಲ.

ದನಿಯ ಭಾಗವನ್ನು ಮಾತ್ರ ನಮ್ಮ ಕಂಪನಿ ಇನ್ನೊಂದು ಕೆಲಸಕ್ಕೆ ಹಚ್ಚಿತು. ಊರೂರಿನ ಮಕ್ಕಳು ಗೊಂಬೆಗಳಾಗಿ ಒಂದು ತರಗತಿಗೆ ಬಂದು ಟ್ಯೂಷನ್ ಕೇಳುವ ಯೋಜನೆ. ಮೊದಲ ಪಾಠದ ದಿನ ಮಕ್ಕಳೆಲ್ಲ ಒಳಗೆ ಬಂದರು. ವಿಳಂಬ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಎಲ್ಲರೂ ಒಟ್ಟಿಗೇ ಮಾತಾಡಿದರು, ಅದು ಎಲ್ಲರಿಗೂ ಆ ಕ್ಷಣದಲ್ಲೇ ಕೇಳಿಸಿತು. ಮೇಷ್ಟರು ಗಣಿತ ಶುರು ಮಾಡಲು ಎಷ್ಟೋ ಹೊತ್ತು ಹೆಣಗಿದರು. ಪಾಠ ಮುಗಿದ ಮೇಲೆ ನಮ್ಮ ಜೊತೆ ಲೈನಿನಲ್ಲಿ ಉಳಿದು, ದಣಿದ ದನಿಯಲ್ಲಿ ಕೇಳಿದರು:

"ಮಕ್ಕಳ ಮಾತು ಒಬ್ಬರಿಂದ ಒಬ್ಬರಿಗೆ ಸ್ವಲ್ಪ ತಡವಾಗಿ ಹೋಗುವ ಹಾಗೆ ಮಾಡಲು ಆಗುತ್ತದೆಯೇ?"

ಮ್ಯಾನೇಜರ್ ನಮ್ಮಿಬ್ಬರ ಕಡೆ ನೋಡಿದರು. ಆಗುತ್ತದೆ ಎಂದೆ. ಅಂದು ಊಟಕ್ಕೆ ಹೋಗುವ ಮೊದಲೇ ಅದು ಸಿದ್ಧವಾಗಿತ್ತು.